ಕಬ್ಬಿಣದ ಮಾತ್ರೆ ತಿಂದರೂ ರಕ್ತ ಏರುತ್ತಿಲ್ಲ. ಎಂಡೋಸ್ಕೋಪಿ ಮಾಡಿಸಿದವರು ಇದ್ದರೆ ಹೇಳಿ

ಆಯಿಗೆ 56 ವರ್ಷ, ಶಿರಸಿ. ಹಿಮೋಗ್ಲೋಬಿನ್ 8.1 ಇತ್ತು, ಮೂರು ತಿಂಗಳು ಮಾತ್ರೆ ತಿಂದ ಮೇಲೆ 8.4. ಕರುಳು ಹೀರಿಕೊಳ್ಳುತ್ತಿಲ್ಲವೇನೋ, ಹುಬ್ಬಳ್ಳಿಗೆ ಹೋಗಿ ಎಂಡೋಸ್ಕೋಪಿ ಮಾಡಿಸಿ ಅಂತಾರೆ ಡಾಕ್ಟರು. ಆಯಿ ಹೆದರಿದ್ದಾಳೆ.

ಕಾರವಾರದಿಂದ:
ಮಾಡಿಸಿ. ನನಗೆ ಸೀಲಿಯಾಕ್ (ಗೋಧಿ ತಿಂದರೆ ಸಣ್ಣ ಕರುಳು ಹಾಳಾಗುವ ಕಾಯಿಲೆ) ಅಂತ ಗೊತ್ತಾಗಲು ನಾಲ್ಕು ವರ್ಷ ಬೇಕಾಯಿತು. ಕಬ್ಬಿಣ ಹೀರುವ ಡ್ಯುವೋಡಿನಂನಲ್ಲೇ, ಅಂದರೆ ಸಣ್ಣ ಕರುಳಿನ ಶುರುವಿನಲ್ಲೇ, ವಿಲ್ಲೈ ಅನ್ನುವ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗಿದ್ದವು, ಮಾತ್ರೆ ತಿಂದು ಏನು ಪ್ರಯೋಜನ? ಮೊದಲ ಸಲ ಬಯಾಪ್ಸಿಗೆ ಕರುಳಿನ ಚೂರು ತೆಗೆಯದೇ ಗ್ಯಾಸ್ಟ್ರೈಟಿಸ್ (ಹೊಟ್ಟೆಯ ಉರಿಯೂತ) ಅಂತ ಬರೆದು ಕಳಿಸಿದರು. ಎಂಡೋಸ್ಕೋಪಿ 3,200, ಕಾರ್ ಬಾಡಿಗೆ 5,500, ಲಾಡ್ಜ್ 900, ಎಲ್ಲ ನೀರಿಗೆ. ಎರಡನೇ ಸಲ ಹೋಗುವ ಮೊದಲು ನಾನೇ ಚಪಾತಿ ಬಿಟ್ಟಿದ್ದೆ. ಹಾಗಾದರೆ ಪರೀಕ್ಷೆಯಲ್ಲಿ ಕಾಣುವುದಿಲ್ಲ ಅಂತ ಆರು ವಾರ ಮತ್ತೆ ಗೋಧಿ ತಿನ್ನಿಸಿದರು. ಆ ಆರು ವಾರದ ಹೊಟ್ಟೆನೋವು ಶತ್ರುವಿಗೂ ಬೇಡ. ಆಮೇಲೆ ಅದೇ ಬಾಡಿಗೆ, ಅದೇ ಅರಬೈಲ್ ಘಟ್ಟದ ವಾಂತಿ, ಬಯಾಪ್ಸಿಗೆ 1,800, ಟಿಟಿಜಿ ಅನ್ನುವ ಸೀಲಿಯಾಕ್ ರಕ್ತಪರೀಕ್ಷೆಗೆ 1,400 ಬೇರೆ. ಈಗ ಗೋಧಿ ಇಲ್ಲ, ಹಿಮೋಗ್ಲೋಬಿನ್ 12.3 ಇದೆ. ಡಬ್ಬಿ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ, ನೋಡಿಕೊಳ್ಳಿ.

ಕುಮಟಾದಿಂದ:
ಎಲ್ಲರಿಗೂ ಸೀಲಿಯಾಕ್ ಅಂತ ಹೆದರಿಸಬೇಡಿ. ನನ್ನದು ಬಿ12 ವಿಟಮಿನ್ ಕೊರತೆ. ಬಂಗಡೆ ಇಲ್ಲದೆ ನಮ್ಮಲ್ಲಿ ಊಟವೇ ಇಲ್ಲ, ಆದರೂ 110ಕ್ಕೆ ಇಳಿದಿತ್ತು. ಐದು ವರ್ಷ ಆ್ಯಸಿಡ್ ಕಡಿಮೆ ಮಾಡುವ ಮಾತ್ರೆ, ಜೊತೆಗೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್. ಹೊಟ್ಟೆಯ ಆ್ಯಸಿಡ್ ಇಲ್ಲದೆ ಮೀನಿನ ಬಿ12 ಬಿಡಿಸಿಕೊಳ್ಳುವುದೇ ಇಲ್ಲ, ಸಣ್ಣ ಕರುಳಿನ ಕೊನೆಯಲ್ಲಿ ಹೀರುವುದು ಆಮೇಲಿನ ಮಾತು. ಒಂದು ದಿನ ಅಂಗಳದಲ್ಲಿ ಚಪ್ಪಲಿ ಕಳಚಿಹೋಗಿದೆ, ನನಗೆ ಗೊತ್ತೇ ಆಗಿಲ್ಲ. ಅಷ್ಟು ಜೋಮು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಆಯಿತು, ಎಡಗಾಲು ಇನ್ನೂ ಪೂರ್ತಿ ಬಂದಿಲ್ಲ. ಕಬ್ಬಿಣಕ್ಕೂ ಆ್ಯಸಿಡ್ ಬೇಕು. ಆಯಿ ಯಾವ ಮಾತ್ರೆ ತಿನ್ನುತ್ತಾರೆ ಅಂತ ಮೊದಲು ನೋಡಿ.

ಶಿರಸಿ ಕಡೆಯವಳು:
ಪೈಪು ನುಂಗಿಸುವ ಮೊದಲು ಚಹಾ ನಿಲ್ಲಿಸಿ. ನಾನು ಮಾತ್ರೆಯನ್ನು ಚಹಾದ ಜೊತೆಗೇ ನುಂಗುತ್ತಿದ್ದೆ, ಒಂದು ವರ್ಷ ದಂಡ. ಈಗ ಲಿಂಬು ಪಾನಕದ ಜೊತೆ ತಗೊಳ್ತೇನೆ, ಚಹಾ ಎರಡು ತಾಸು ಬಿಟ್ಟು. 9ರಿಂದ 11.8ಕ್ಕೆ ಬಂದೆ. ಒಂದೆಲಗದ ತಂಬುಳಿಯನ್ನೂ ಬಿಟ್ಟಿಲ್ಲ.

ಕಾರವಾರದಿಂದ:
ಅಕ್ಕಾ, ನಾನು ಚಹಾ ಕುಡಿಯುವುದೇ ಇಲ್ಲ. ತಂಬುಳಿ ಕುಡಿದು ವಿಲ್ಲೈ ಬೆಳೆಯುತ್ತದಾ?

ಶಿರಸಿ ಕಡೆಯವಳು:
ನಿನ್ನದು ಬೇರೆ ಕಾಯಿಲೆ ತಮ್ಮಾ. ನನ್ನದು ನಾನು ಹೇಳಿದೆ. ತಂಬುಳಿಗೆ ಯಾಕೆ ಬೈತೀಯ?

ಹೊನ್ನಾವರದಿಂದ:
ಚಹಾ, ತಂಬುಳಿ ಅಂತ ಜಗಳ ಆಡ್ತಾ ಕೂತಿದ್ದೀರಿ. ಅಪ್ಪನಿಗೆ ನಾವೂ ಹದಿನಾಲ್ಕು ತಿಂಗಳು ಮಾತ್ರೆ ಕೊಟ್ಟೆವು. ಮಲ ಕಪ್ಪಗಾದರೆ ಕಬ್ಬಿಣದ್ದು ಅಂತ ಸುಮ್ಮನಿದ್ದೆವು. ದೊಡ್ಡ ಕರುಳಿನಲ್ಲಿ ಗಡ್ಡೆ ಇತ್ತು, ರಕ್ತ ಅಲ್ಲೇ ಸೋರುತ್ತಿತ್ತು. ಮುಟ್ಟು ನಿಂತ ವಯಸ್ಸಿನಲ್ಲಿ ರಕ್ತ ಕಡಿಮೆಯಾದರೆ ಬಾಯಿಯಿಂದಲೂ ಕೆಳಗಿನಿಂದಲೂ ಪೈಪು ಹಾಕಿ ನೋಡಲೇಬೇಕು. ಹೆದರಿಕೆ ಅಂತ ಮುಂದೂಡಿದ್ದು ನಾನೇ.

ಕುಮಟಾದಿಂದ:
ಇದನ್ನು ನಾನು ಯೋಚಿಸಿರಲಿಲ್ಲ. ಅಪ್ಪ ಈಗ ಹೇಗಿದ್ದಾರೆ?

ಹೊನ್ನಾವರದಿಂದ:
ಹೋಗಿ ಎರಡು ವರ್ಷವಾಯಿತು.

ಶಿರಸಿ ಕಡೆಯವಳು:
ಇಂಗಿನ ವಿಷಯ ನಿಜವಾ? ನಮ್ಮ ತಂಬುಳಿ ಒಗ್ಗರಣೆಗೂ ಡಬ್ಬಿ ಇಂಗೇ ಹಾಕ್ತೇವೆ.

ಕಾರವಾರದಿಂದ:
ಡಬ್ಬಿ ತಿರುಗಿಸಿ ಓದಿ ಅಕ್ಕಾ, ಅದರ ಮೇಲೇ ಬರೆದಿರುತ್ತದೆ.