ಸಹಾಯ ಬೇಕು: ನೇತ್ರಾಣಿಯಲ್ಲಿ ಕಂಡ ಹಳದಿ ಬಾಲದ ಮೀನು ಯಾವುದು?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯವನಾದ ನಾನು ಆಲಮಟ್ಟಿ ಹಿನ್ನೀರಿನ ಮೀನುಗಳನ್ನಷ್ಟೇ ನೋಡಿ ಬೆಳೆದವನು. ಇತ್ತೀಚೆಗೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿದಾಗ, ಬಿಳಿ ಮೈಯ ಮೇಲೆ ಎರಡು ಅಗಲವಾದ ಕಪ್ಪು ಪಟ್ಟೆಗಳಿದ್ದ, ಬೆನ್ನಿನಿಂದ ಬಾವುಟದಂತೆ ಉದ್ದನೆಯ ಬಿಳಿ ಎಳೆ ಹೊರಟಿದ್ದ ನಾಲ್ಕೈದು ಮೀನುಗಳು ಬಂಡೆಯ ಬಳಿ ಕಂಡವು. ಬಾಡಿಗೆ ಕ್ಯಾಮೆರಾದಲ್ಲಿ ತೆಗೆದ ಫೋಟೋವನ್ನು ಲಗತ್ತಿಸಿದ್ದೇನೆ.

ಜೊತೆಗಿದ್ದವರು ಇದನ್ನು ಮೂರಿಷ್ ಐಡಲ್ ಎಂದರು. ಆದರೆ ಅದರ ಬಾಲ ಕಪ್ಪು, ಮೂತಿಯ ಮೇಲೆ ಹಳದಿ ಗುರುತಿರುತ್ತದೆ; ನನ್ನ ಫೋಟೋದಲ್ಲಿ ಬಾಲವೇ ಹಳದಿ. ಹೀಗಾಗಿ ಇದು ಚಿಟ್ಟೆಮೀನುಗಳ ಕುಟುಂಬದ ಬ್ಯಾನರ್‌ಫಿಶ್ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ತೊಡಕಿರುವುದು ಅದರ ಮುಂದೆ. ಹೆನಿಯೋಕಸ್ ಅಕ್ಯುಮಿನೇಟಸ್ ಮತ್ತು ಹೆನಿಯೋಕಸ್ ಡಿಫ್ರೂಟಸ್ ಎಂಬೆರಡು ಪ್ರಭೇದಗಳು ಅವಳಿ ಮಕ್ಕಳಂತಿವೆ. ಬೆನ್ನಿನ ಈಜುರೆಕ್ಕೆಯಲ್ಲಿ ಸಾಮಾನ್ಯವಾಗಿ ಮೊದಲನೆಯದಕ್ಕೆ 11, ಎರಡನೆಯದಕ್ಕೆ 12 ಮುಳ್ಳುಗಳಿರುತ್ತವೆ ಎಂದು ಓದಿ, ಫೋಟೋವನ್ನು ಹಿಗ್ಗಿಸಿ ಮೂರು ಸಲ ಎಣಿಸಿದೆ. ಒಮ್ಮೆ 11, ಒಮ್ಮೆ 12, ಮತ್ತೊಮ್ಮೆ ಬರೀ ಮಸುಕು. ಡಿಫ್ರೂಟಸ್‌ನ ಮೂತಿ ಮೊಟಕು, ಅದು ದೊಡ್ಡ ಗುಂಪಾಗಿ ತಿರುಗುತ್ತದೆ. ಅಕ್ಯುಮಿನೇಟಸ್ ಹೆಚ್ಚಾಗಿ ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಇರುತ್ತದೆ ಎನ್ನುತ್ತಾರೆ. ನಾಲ್ಕೈದನ್ನು ಗುಂಪೆನ್ನಬೇಕೋ, ಎರಡು ಜೋಡಿಯೆನ್ನಬೇಕೋ ತಿಳಿಯದಾಗಿದೆ.

ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟೇ: ಮುಳ್ಳುಗಳನ್ನು ಎಣಿಸಲಾಗದ ಇಂತಹ ಫೋಟೋದಲ್ಲಿ ಮೂತಿಯ ಉದ್ದವನ್ನು ನಂಬಬಹುದೇ, ಅಥವಾ ಹೊಟ್ಟೆಯ ಹಿಂಬದಿಯ ಈಜುರೆಕ್ಕೆಯ ಆಕಾರವನ್ನು ನೋಡಬೇಕೇ, ಮತ್ತು ಅದರಂತೆ ಇದು ಎರಡರಲ್ಲಿ ಯಾವುದು?