ಬಾರ್ಬರಾ ಜೋರ್ಡಾನ್: ವಕೀಲಿಕೆಯಿಂದ ಅಮೆರಿಕದ ಕಾಂಗ್ರೆಸ್‌ವರೆಗೆ

ಪ್ರಶ್ನೆ: ಬಾರ್ಬರಾ ಜೋರ್ಡಾನ್ ಅವರು 1959ರಲ್ಲಿ ಕಾನೂನು ಪದವಿ ಪಡೆದು, ಹ್ಯೂಸ್ಟನ್‌ನಲ್ಲಿ ಹೆತ್ತವರ ಮನೆಯ ಊಟದ ಮೇಜನ್ನೇ ಕಚೇರಿಯಾಗಿಸಿಕೊಂಡು ವಕೀಲಿಕೆ ಆರಂಭಿಸಿದರೆಂದು ಓದಿದ್ದೇನೆ. ಆ ವೃತ್ತಿಯ ಛಾಪು ಅವರ ಶಾಸಕಿಯ ಕೆಲಸದಲ್ಲಿ ಎಲ್ಲಿ ಕಾಣುತ್ತದೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: 1974ರ ಜುಲೈ 25ರಂದು ಅಮೆರಿಕದ ಕಾಂಗ್ರೆಸ್‌ನ (ಸಂಸತ್ತಿನ) ನ್ಯಾಯಾಂಗ ಸಮಿತಿಯ ಸದಸ್ಯೆಯಾಗಿ, ಅಧ್ಯಕ್ಷ ನಿಕ್ಸನ್ ಅವರ ಮಹಾಭಿಯೋಗದ (ಪದಚ್ಯುತಿಗಾಗಿ ಸಂಸತ್ತು ಆರೋಪ ಹೊರಿಸುವ ಕ್ರಮದ) ಕುರಿತು ಅವರು ಮಾಡಿದ ಭಾಷಣವನ್ನು ಗಮನಿಸಿ. ಮಹಾಭಿಯೋಗಕ್ಕೆ ಸಂವಿಧಾನ ರಚನೆಯ ಕಾಲದವರು ಹೇಳಿದ್ದ ಮಾನದಂಡಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದರ ಪಕ್ಕದಲ್ಲೇ ಅಧ್ಯಕ್ಷರ ನಡವಳಿಕೆಯನ್ನು ಇರಿಸಿದ ಆ ಕ್ರಮ, ನುರಿತ ವಕೀಲರೊಬ್ಬರು ನ್ಯಾಯಪೀಠದೆದುರು ವಾದ ಕಟ್ಟುವ ರೀತಿಯೇ ಆಗಿದೆ. ಕೋಪವಿಲ್ಲದ ಆ ಸ್ಪಷ್ಟತೆ ನನಗೆ ಇಂದಿಗೂ ಅತ್ಯಂತ ಗೌರವಾರ್ಹವೆನಿಸುತ್ತದೆ.

ಉತ್ತರ 2: ಒಪ್ಪುತ್ತೇನೆ; ಆದರೆ ಭಾಷಣವೊಂದನ್ನೇ ನೋಡಿದರೆ ಸಾಲದು. 1962 ಮತ್ತು 1964ರಲ್ಲಿ ಟೆಕ್ಸಾಸ್ ರಾಜ್ಯದ ಕೆಳಮನೆಯ ಚುನಾವಣೆಗಳಲ್ಲಿ ಸೋತ ಅವರು 1966ರಲ್ಲಿ ಆ ರಾಜ್ಯದ ಮೇಲ್ಮನೆಯಾದ ಟೆಕ್ಸಾಸ್ ಸೆನೆಟ್‌ಗೆ ಗೆದ್ದದ್ದು, ಜನಸಂಖ್ಯೆಗೆ ಅನುಗುಣವಾಗಿ ಕ್ಷೇತ್ರಗಳು ಮರುವಿಂಗಡಣೆಯಾದ ನಂತರ. ನ್ಯಾಯಾಲಯಗಳ ತೀರ್ಪುಗಳೇ ಅದಕ್ಕೆ ದಾರಿ ಮಾಡಿದ್ದವು.

ಉತ್ತರ 3: ಕಾಂಗ್ರೆಸ್‌ನಲ್ಲಿ ಅವರು 1975ರಲ್ಲಿ, ಮತದಾನದಲ್ಲಿ ಜನಾಂಗೀಯ ತಾರತಮ್ಯ ತಡೆಯುವ ಮತದಾನ ಹಕ್ಕು ಕಾಯ್ದೆಯ ವಿಸ್ತರಣೆಗೆ ದುಡಿದರು. ಸ್ಪ್ಯಾನಿಷ್ ಮಾತನಾಡುವ ಮತದಾರರಿಗೂ ಅದರಿಂದ ರಕ್ಷಣೆ ದೊರೆಯಿತು.