ಪದಚರ್ಚೆ: 'ವೈರಾಣು ನಾಶಕ' ಸರಿಯಾದ ಪದವೇ?

ಗೆಳೆಯರೇ, ಕಲಬುರಗಿಯಿಂದ ಒಂದು ಪ್ರಶ್ನೆ.

ನಮ್ಮ ಅತ್ತೆಯವರಿಗೆ ಬೆನ್ನಿನ ಎಡಗಡೆ ಸರ್ಪಸುತ್ತು ಎದ್ದಿದೆ. ವೈರಸ್ಸಿನಿಂದ ಬರುವ ಕಾಯಿಲೆ ಇದು. ದವಾಖಾನೆಯಲ್ಲಿ ಅಸೈಕ್ಲೋವಿರ್ ಗುಳಿಗೆ ಬರೆದುಕೊಟ್ಟರು. 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. "ಇದು ತೊಗೊಂಡ್ರ ಆ ವೈರಸ್ ಸಾಯ್ತದೇನು?" ಅಂತ ಅತ್ತೆ ಕೇಳಿದರು. ಹೌದು ಅನ್ನಲು ಬಾಯಿ ಬರಲಿಲ್ಲ.

ವೈರಸ್ ವಿರುದ್ಧ ಕೊಡುವ ಇಂಥ ಆಂಟಿವೈರಲ್ ಮದ್ದಿಗೆ 'ವೈರಾಣು ನಾಶಕ' ಅಂತ ಬರೆಯುವುದನ್ನು ನೋಡಿದ್ದೇನೆ. ಆದರೆ ಈ ಗುಳಿಗೆ ವೈರಸ್ಸನ್ನು ಕೊಲ್ಲುವುದಿಲ್ಲ. ವೈರಸ್ ನಮ್ಮ ಜೀವಕೋಶದೊಳಗೆ ಕೂತು ತನ್ನ ಡಿಎನ್‌ಎ ಸರಪಳಿಯನ್ನು ನಕಲು ಮಾಡುತ್ತಿರುತ್ತದೆ. ಅಸೈಕ್ಲೋವಿರ್ ಅದರದೇ ಕೊಂಡಿಯಂತೆ ವೇಷ ಹಾಕಿ ನಡುವೆ ಸೇರಿಕೊಳ್ಳುತ್ತದೆ. ಮುಂದಿನ ಕೊಂಡಿ ಸಿಕ್ಕಿಸಲು ಅದಕ್ಕೆ ಕೊಕ್ಕೆಯೇ ಇಲ್ಲ. ಸರಪಳಿ ಅಲ್ಲಿಗೇ ನಿಂತಿತು. ಮಜಾ ಏನೆಂದರೆ, ಈ ಮದ್ದನ್ನು ಮೊದಲು ಚಾಲೂ ಮಾಡುವುದು ವೈರಸ್ಸಿನದೇ ಕಿಣ್ವ! ಅದಕ್ಕೇ ಸೋಂಕು ತಗುಲದ ಕೋಶಗಳಿಗೆ ತೊಂದರೆ ಕಮ್ಮಿ. ಇದರ ಹಿಂದೆ ದುಡಿದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

ಈ ವೈರಸ್ ನರದ ಬುಡದಲ್ಲಿ ಸುಮ್ಮನೆ ಮಲಗಿರುವುದೂ ಉಂಟು. ಆಗ ಅದು ನಕಲು ಮಾಡುತ್ತಿರುವುದಿಲ್ಲ, ಹಾಗಾಗಿ ಅದಕ್ಕೆ ಈ ಮದ್ದು ನಾಟುವುದೇ ಇಲ್ಲ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿ ಅನ್ನುವುದೂ ನಕಲು ಜೋರಾಗಿರುವಾಗಲೇ ಹಿಡಿಯಲಿ ಅಂತ.

ಹಾಗಾದರೆ 'ವೈರಸ್ ತಡೆಮದ್ದು' ಅನ್ನೋಣವೇ? ನನಗೆ ಅದು ಇಷ್ಟ. ಆದರೆ ಮನೆಯಲ್ಲಿ ಹೇಳಿ ನೋಡಿದೆ, "ರೋಗ ಬರೋಕ್ಕಿಂತ ಮೊದಲೇ ಹಾಕಿಸಿಕೊಳ್ಳೋದಾ?" ಅಂದರು. ತಡೆ ಅಂದರೆ ಲಸಿಕೆ ನೆನಪಾಗುತ್ತದೆ, ಅಲ್ವಾ? 'ನಕಲುತಡೆ ಗುಳಿಗೆ' ಅಂದರೆ ಅರ್ಥ ಸರಿ, ಆದರೆ ಪರೀಕ್ಷಾ ಕೊಠಡಿಯ ವಾಸನೆ ಬರುತ್ತದೆ.

ಕಾಯಿಲೆಯ ಹೆಸರಿನಲ್ಲಿ ಮಾತ್ರ ನಮಗೆ ಇಂಥ ತೊಡಕಿಲ್ಲ. ಡಾಕ್ಟರರು ಸರ್ಪಸುತ್ತಿಗೆ ಹರ್ಪಿಸ್ ಝೋಸ್ಟರ್ ಅನ್ನುತ್ತಾರೆ. ಹರ್ಪಿಸ್ ಎಂಬುದು ತೆವಳು ಎಂಬರ್ಥದ ಗ್ರೀಕ್ ಮಾತಿನಿಂದ ಬಂದದ್ದು, ಸಂಸ್ಕೃತದ 'ಸರ್ಪ'ವೂ ಅದೇ ಬೇರಿನದು. ಝೋಸ್ಟರ್ ಅಂದರೆ ನಡುಪಟ್ಟಿ. ಹರ್ಪಿಸ್ ಝೋಸ್ಟರ್‌ಗೆ ಸರ್ಪಸುತ್ತು! ಬೀದರ್ ಕಡೆ ಮರಾಠಿ ಮಾತಾಡುವವರಿಗೂ ಇದು 'ನಾಗೀಣ'.

ಇನ್ನೊಂದು. ಜ್ವರ ಬಂದಾಗ ತುಟಿಯಂಚಿನಲ್ಲಿ ಏಳುವ ಗುಳ್ಳೆಯೂ ಇದೇ ವೈರಸ್ ಕುಟುಂಬದ್ದು, ಮದ್ದೂ ಇದೇ. ಅದಕ್ಕೆ ಹಾವಿನ ಹೆಸರು ಯಾರೂ ಇಟ್ಟಂತಿಲ್ಲ. ನಿಮ್ಮ ಊರಲ್ಲಿ ಅದನ್ನು ಏನನ್ನುತ್ತಾರೆ?